ತೊಟ್ಟಿಲಿಗೂ ಮಿಷನ್ನಿಗೂ ಕಟ್ಟಿದ ಹಗ್ಗ

ಮಗು ಮಲಗಿತೆಂದು ತಾಯಿ ತಟ್ಟೆಯ ಮುಂದೆ ಕೂರುತ್ತಾಳೆ. ಮೊದಲ ತುತ್ತು ಬಾಯಿಗೆ ಹೋಗುವಷ್ಟರಲ್ಲಿ ಮಗು ಏಳುತ್ತದೆ. ತಟ್ಟೆಯಲ್ಲಿದ್ದದ್ದು ಅಲ್ಲೇ ಆರಿ ತಣ್ಣಗಾಗುತ್ತದೆ. ಇದು ಯಾವ ಮನೆಯಲ್ಲಿ ಇಲ್ಲ ಹೇಳಿ. ನಮ್ಮ ಬೀದಿಯ ಟೈಲರಮ್ಮನ ಮನೆಯವರು ಇದಕ್ಕೊಂದು ಉಪಾಯ ಕಂಡುಹಿಡಿದಿದ್ದರು.

ಟೈಲರಮ್ಮ ಬಟ್ಟೆ ಹೊಲಿಯುವುದು ಮನೆಯ ಮುಂದಿನ ಕೋಣೆಯಲ್ಲೇ. ಕಾಲಿನಿಂದ ತುಳಿಯುವ ಹಳೆಯ ಮಿಷನ್ನು. ಅದರ ಪಕ್ಕದ ತೊಟ್ಟಿಲಲ್ಲಿ ಇನ್ನೂ ಹಾಲು ಕುಡಿಯುವ ಮಗಳು. ಅವಳನ್ನು ಗುಂಡಮ್ಮ ಎಂದು ಕರೆಯುತ್ತಾರೆ, ಕೆನ್ನೆಗಳು ಹಾಗಿವೆ. ತೂಗುವುದು ನಿಂತರೆ ಗುಂಡಮ್ಮ ಎದ್ದು ಕೂಗುತ್ತಾಳೆ. ಅದಕ್ಕೆ ಟೈಲರಮ್ಮನ ಅತ್ತೆ ಒಂದು ಹಗ್ಗ ತಂದು, ಒಂದು ತುದಿಯನ್ನು ತೊಟ್ಟಿಲಿಗೂ ಇನ್ನೊಂದನ್ನು ಮಿಷನ್ನಿನ ಪೆಡಲಿಗೂ ಕಟ್ಟಿದರು. ಸೊಸೆ ತುಳಿದಷ್ಟು ಹೊತ್ತೂ ತೊಟ್ಟಿಲು ತೂಗುತ್ತಿತ್ತು. ನೋಡಿದವರೆಲ್ಲ ಅತ್ತೆಯ ಬುದ್ಧಿಯನ್ನು ಹೊಗಳಿದ್ದೇ ಹೊಗಳಿದ್ದು.

ಆದರೆ ತೊಟ್ಟಿಲು ನಿಲ್ಲಬಾರದೆಂದರೆ ಟೈಲರಮ್ಮನ ಕಾಲೂ ನಿಲ್ಲಬಾರದಲ್ಲ. ಇದು ಯಾರ ತಲೆಗೂ ಹೋಗಲಿಲ್ಲ. ಹೊಲಿಯಲು ಬಟ್ಟೆ ಇಲ್ಲದಾಗ ಸೂಜಿಯಿಂದ ದಾರ ತೆಗೆದು ಬರಿದೇ ತುಳಿಯುತ್ತಿದ್ದಳು. ನೀರು ಕುಡಿದರೆ ಬಚ್ಚಲಿಗೆ ಏಳಬೇಕಾಗುತ್ತದೆ ಎಂದು ನೀರು ಕುಡಿಯುವುದನ್ನೇ ಬಿಟ್ಟಳು. ಹೋಗಬೇಕೆನಿಸಿದರೂ ಹಲ್ಲು ಕಚ್ಚಿ ಕೂತಳು. ಊಟ ಮಗು ಎದ್ದ ಮೇಲೆ ಎಂದುಕೊಳ್ಳುವಳು. ಮಗು ಎದ್ದ ಮೇಲೆ ಊಟ ಮರೆತೇ ಹೋಗುವುದು.

ಒಂದು ಮಧ್ಯಾಹ್ನ ಗುಂಡಮ್ಮನಿಗೆ ಲಸಿಕೆ ಹಾಕಿಸುವ ದಿನ ನೆನಪಿಸಲು ನರ್ಸಕ್ಕ ಬಂದರು.

"ಮಗು ಮೈ ಕೈ ತುಂಬ್ಕೊಂಡಿದೆ. ನೀನ್ಯಾಕೆ ಹೀಗೆ ಒಣಗಿದೀಯ?" ಎಂದರು.

"ಬಿಸಿಲು, ಅಕ್ಕ."

"ಬಿಸಿಲು ಮನೆ ಒಳಗೆ ಬಂದು ನಿನ್ನೊಬ್ಬಳನ್ನೇ ಒಣಗಿಸ್ತಾ?"

ನರ್ಸಕ್ಕ ಅವಳ ಹಣೆ ಮುಟ್ಟಿದರು. ಕೆಂಡದ ಹಾಗೆ ಸುಡುತ್ತಿತ್ತು. ದನಿ ತಗ್ಗಿಸಿ, "ಬಚ್ಚಲಿಗೆ ಹೋದಾಗ ಉರಿ ಇದೆಯಾ?" ಎಂದು ಕೇಳಿದರು.

ಟೈಲರಮ್ಮ ಮೂಲೆಯಲ್ಲಿ ಕೂತಿದ್ದ ಅತ್ತೆಯ ಕಡೆ ಒಮ್ಮೆ ನೋಡಿದಳು. "ಇದೆ ಅಕ್ಕ. ಮೈ ನಡುಕ ಬೇರೆ. ಸೊಂಟದ ಮೇಲೆ ನೋವು." ಇಷ್ಟು ಹೇಳುವಾಗಲೂ ಕಾಲು ತುಳಿಯುತ್ತಲೇ ಇತ್ತು.

ಅತ್ತೆಗೆ ಕೇಳಿಸಿತು. "ನಾವೇನು ಹೆತ್ತಿಲ್ವಾ? ಮನೆ ತುಂಬ ಮಕ್ಕಳನ್ನ ಸಾಕಿದೀನಿ. ನೀರು ಕುಡಿದ್ಯಾ, ಊಟ ಆಯ್ತಾ ಅಂತ ನನ್ನನ್ನ ಒಬ್ಬರೂ ಕೇಳ್ಲಿಲ್ಲ."

"ಕೇಳಿದ್ರೆ ಚೆನ್ನಾಗಿರ್ತಿತ್ತು, ಅಲ್ವಾ ಅಮ್ಮ?" ಎಂದರು ನರ್ಸಕ್ಕ.

ಅತ್ತೆ ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೆ ಹಾಕಿಕೊಂಡರು.

ಮಿಷನ್ನಿನ ಬಳಿ ಉದ್ದ ಮೂತಿಯ ಎಣ್ಣೆ ಡಬ್ಬಿ ಇತ್ತು. ನರ್ಸಕ್ಕ ಅದನ್ನು ಕೈಗೆತ್ತಿಕೊಂಡರು. "ಮಿಷನ್ನಿಗೆ ದಿನಾ ಎಣ್ಣೆ ಬಿಡ್ತೀಯಾ?"

"ಬಿಡದಿದ್ರೆ ಮಿಷನ್ ಹಿಡ್ಕೊಳ್ಳತ್ತೆ."

"ಮಿಷನ್ ಹಿಡ್ಕೊಂಡ್ರೆ ರಿಪೇರಿಯವನು ಬರ್ತಾನೆ. ಈಗ ಹಿಡ್ಕೊಂಡಿರೋದು ನಿನ್ನ ಮೈ. ನೀರು ಕುಡೀದೆ, ಬಂದದ್ದನ್ನ ತಡ್ಕೊಂಡು ಕೂತ್ರೆ ಮೂತ್ರದ ಸೋಂಕು ಬರಬಹುದು. ಜ್ವರ, ನಡುಕ ಬಂದಿದೆ ಅಂದ್ರೆ ಮೂತ್ರಪಿಂಡದ ತನಕ ಹೋಗಿರಬಹುದು. ಇವತ್ತೇ ಡಾಕ್ಟರ್ ಹತ್ರ ಹೋಗೋಣ. ತಡ ಮಾಡಿದ್ರೆ ಆಸ್ಪತ್ರೆಯಲ್ಲೇ ಮಲಗಬೇಕಾಗತ್ತೆ. ಆಗ ಮಗು ಇಲ್ಲಿ, ನೀನು ಅಲ್ಲಿ."

"ನಾಳೆ ಬರ್ತೀನಕ್ಕ. ಈಗ ಎದ್ರೆ ಇವಳು ಏಳ್ತಾಳೆ."

ನರ್ಸಕ್ಕ ಮಿಷನ್ನಿನ ಚಕ್ರದ ಮೇಲೆ ಕೈಯಿಟ್ಟರು. ಮಿಷನ್ನು ನಿಂತಿತು. ತೊಟ್ಟಿಲು ನಿಂತಿತು. ಗುಂಡಮ್ಮ ಎದ್ದಳು, ಬೀದಿಗೆಲ್ಲ ಕೇಳುವಂತೆ ಅತ್ತಳು.

ಟೈಲರಮ್ಮ ದಡಬಡಿಸಿ ಎದ್ದಳು. ನರ್ಸಕ್ಕ ಅವಳ ಭುಜ ಹಿಡಿದು ಕೂರಿಸಿ, ಕೈಗೆ ನೀರಿನ ಚೊಂಬು ಕೊಟ್ಟರು.

"ಅಳ್ತಿದಾಳೆ ಅಕ್ಕ."

"ಗಂಟಲು ಚೆನ್ನಾಗಿದೆ ಅಂತ ಅರ್ಥ. ನೀನು ಕುಡಿ."

ಟೈಲರಮ್ಮ ಒಂದು ಗುಟುಕು ಕುಡಿದಳು, ತೊಟ್ಟಿಲ ಕಡೆ ನೋಡಿದಳು. ಅತ್ತೆಗೆ ತಡೆಯಲಾಗಲಿಲ್ಲ. ಹೋಗಿ ಮೊಮ್ಮಗಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡರು. "ಏನೇ ನಿನ್ನ ದರ್ಬಾರು? ನಿಮ್ಮಮ್ಮ ಒಂದು ಚೊಂಬು ನೀರು ಕುಡೀಬಾರ್ದಾ?" ಎಂದರು. ಗುಂಡಮ್ಮ ಅಜ್ಜಿಯ ಕನ್ನಡಕ ಕಿತ್ತುಕೊಂಡು ಬಾಯಿಗಿಟ್ಟಳು. ಅಳು ನಿಂತಿತು. ತೊಟ್ಟಿಲು ನಿಂತರೂ ಮನೆಯ ಗೋಡೆಗಳು ಎಲ್ಲಿದ್ದವೋ ಅಲ್ಲೇ ಇದ್ದವು.

ಟೈಲರಮ್ಮ ಚೊಂಬನ್ನು ತಳದವರೆಗೆ ಖಾಲಿ ಮಾಡಿದಳು.

ಡಾಕ್ಟರು ಪರೀಕ್ಷೆ ಮಾಡಿಸಿದರು. ಸೋಂಕು ಹೌದು, ಸಕಾಲಕ್ಕೆ ಬಂದಿರಿ ಎಂದರು. ಹಾಲು ಕುಡಿಸುವ ತಾಯಿಗೆ ಹೊಂದುವ ಮಾತ್ರೆ ಬರೆದು, ಜ್ವರ ಬಿಟ್ಟಿತೆಂದು ನಡುವೆ ನಿಲ್ಲಿಸಬಾರದು ಎಂದು ಎಚ್ಚರಿಸಿದರು. ಅವಳು ಮನೆಗೇ ಮರಳಿದಳು, ಮಗುವಿನ ಬಳಿಗೇ.

ಟೈಲರಮ್ಮನ ಗಂಡನಿಗೆ ಬೇಕರಿಯಲ್ಲಿ ಕೆಲಸ. ಬೆಳಗಿನ ಪಾಳಿ ಮುಗಿಸಿ, ಹೊರಗೆ ಹರಟಿ, ಸಂಜೆಗೆ ಮನೆಗೆ ಬರುವನು. ವಿಷಯ ತಿಳಿದು ಅವನು, "ಮಧ್ಯಾಹ್ನ ನಾನು ಬಿಡುವಾಗೇ ಇರ್ತೀನಲ್ಲ. ಯಾರೂ ನನಗೆ ಹೇಳ್ಲೇ ಇಲ್ಲ" ಎಂದ.

"ನೀನು ಕೇಳ್ಲೇ ಇಲ್ಲ" ಎಂದರು ಅವನ ತಾಯಿ. "ನಾನೂ ಕೇಳ್ಲಿಲ್ಲ ಬಿಡು." ಹಾಗೆಂದು ಬಗ್ಗಿ, ತಾವೇ ಕಟ್ಟಿದ ಗಂಟನ್ನು ತಾವೇ ಬಿಚ್ಚಿದರು.

ಈಗ ಆ ಮನೆಗೆ ಮಧ್ಯಾಹ್ನ ಹೋಗಿ ನೋಡಿ. ಮೊನ್ನೆ ಜವಳಿ ಅಂಗಡಿಯ ಯಜಮಾನರು ಅವಸರದಲ್ಲಿ ಬಂದಿದ್ದರು. ಬಾಗಿಲಲ್ಲಿ ಮೊಮ್ಮಗಳನ್ನು ಎತ್ತಿಕೊಂಡು ಅತ್ತೆ ನಿಂತಿದ್ದರು.

"ಸೊಸೆ ಊಟಕ್ಕೆ ಕೂತಿದಾಳೆ."

"ಒಂದು ಗುಂಡಿ ಹಾಕೋದು, ಅಷ್ಟೇ ಅಮ್ಮ."

"ನಿಮ್ಮ ಗುಂಡಿ ಎಲ್ಲಿಗೂ ಓಡಿ ಹೋಗಲ್ಲ. ಸುಮ್ನೆ ಯಾಕೆ ನಿಂತಿದೀರಿ, ಇವಳನ್ನ ಸ್ವಲ್ಪ ಹಿಡ್ಕೊಳ್ಳಿ."

ಯಜಮಾನರು ಮಗುವನ್ನು ಹಿಡಿದುಕೊಂಡು ಕಾದರು. ಟೈಲರಮ್ಮನ ಗಂಡ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ. ಟೈಲರಮ್ಮ ಬಿಸಿ ಊಟವನ್ನು ಕೊನೆಯ ತುತ್ತಿನವರೆಗೆ ನಿಧಾನವಾಗಿ ಉಂಡು, ನೀರು ಕುಡಿದು, ಕೈ ಒರೆಸಿಕೊಂಡು ಹೊರಗೆ ಬಂದಳು. ಮುಖದಲ್ಲಿ ಕಳೆ ತುಂಬಿತ್ತು. ಆ ಹಗ್ಗವನ್ನು ಹಿತ್ತಲಿನಲ್ಲಿ ಉದ್ದಕ್ಕೆ ಕಟ್ಟಿದ್ದಾರೆ. ಗುಂಡಮ್ಮನ ಅಂಗಿಗಳು ಅದರ ಮೇಲೆ ಒಣಗುತ್ತವೆ.

ಮಗು ಸಾಕುತ್ತಿರುವ ತಾಯಂದಿರೇ, ಇದನ್ನು ಓದುತ್ತಿರುವಾಗ ನಿಮ್ಮ ಪಕ್ಕದಲ್ಲಿ ನೀರಿದೆಯೇ? ಇದ್ದರೆ ಕುಡಿಯಿರಿ. ಬಂದದ್ದನ್ನು ತಡೆಯಬೇಡಿ, ಊಟ ಮುಂದೂಡಬೇಡಿ. ಉರಿ, ಜ್ವರ, ನೋವು ಕಂಡರೆ ಬಾಯಿಬಿಟ್ಟು ಹೇಳಿ, ಅಂದೇ ತೋರಿಸಿಕೊಳ್ಳಿ. ಮನೆಯವರೇ, ಅವಳು ಹೇಳಲಿ ಎಂದು ಕಾಯಬೇಡಿ. ಈಗಲೇ ಎದ್ದು ಹೋಗಿ, ಅವಳ ಕೈಯಿಂದ ಮಗುವನ್ನು ತೆಗೆದುಕೊಂಡು, ಊಟ ಆಯಿತೇ ಎಂದು ಕೇಳಿ.