ಮೆಟ್ಟಿಲ ಕಂಬಿಯ ಬೂದು ಅಂಗಿ

ತುಕ್ಕು ಯಾರ ಮನೆಯಲ್ಲಿಲ್ಲ ಹೇಳಿ? ಗೇಟಿನ ಬುಡದಲ್ಲಿ, ಕಿಟಕಿಯ ಸರಳಿನಲ್ಲಿ, ಬಕೆಟ್ಟಿನ ಹಿಡಿಯಲ್ಲಿ, ಎಲ್ಲೆಲ್ಲೂ ಅದೇ. ನಮ್ಮ ಮನೆಗೆ ಮಾತ್ರ ಅದನ್ನು ನಾನೇ ಕೈಯಾರೆ ಕರೆತಂದೆ. ಹೇಳಲು ನಾಚಿಕೆ, ಆದರೂ ಹೇಳುತ್ತೇನೆ.

ನಾವಿರುವುದು ಮೊದಲ ಮಹಡಿಯಲ್ಲಿ. ಹತ್ತಿ ಇಳಿಯಲು ಹೊರಗೋಡೆಗೆ ಅಂಟಿಕೊಂಡ ಹದಿನಾರು ಮೆಟ್ಟಿಲು. ನಮ್ಮ ಅತ್ತೆಗೆ ಕಣ್ಣು ಮಂಜು. ದಿನಾ ಬೆಳಿಗ್ಗೆ ಕಂಬಿ ಹಿಡಿದು, ಮೆಟ್ಟಿಲು ಎಣಿಸುತ್ತಾ ಇಳಿದು, ಕೆಳಗಿನ ಮನೆಯ ಗೆಳತಿಯ ಜೊತೆ ಹರಟೆ ಹೊಡೆದು ಬರುತ್ತಾರೆ.

ಕಂಬಿ ಕೂರಿಸಿದವನು ಬೀದಿ ಕೊನೆಯ ವೆಲ್ಡಿಂಗ್ ಅಂಗಡಿಯವನು. ಸತುವಿನ ಲೇಪವಿರುವ ಜಿಐ ಪೈಪು. ಹೊಸದರಲ್ಲಿ ಫಳಫಳ ಹೊಳೆಯುತ್ತಿತ್ತು, ಆರು ತಿಂಗಳಲ್ಲಿ ಬೂದಿ ಬಳಿದಂತೆ ಮಂಕಾಯಿತು. ನನಗೋ ಸ್ವಚ್ಛತೆಯ ಹುಚ್ಚು. ನನ್ನ ಗಂಡ ನನ್ನನ್ನು ‘ತಿಕ್ಕಮ್ಮ’ ಎಂದೇ ಕರೆಯುವುದು. ಬಚ್ಚಲು ತೊಳೆಯುವ ಆ್ಯಸಿಡ್ ಸುರಿದು ಉಜ್ಜಿದೆ. ಬುಸ್ಸೆಂದು ನೊರೆ ಬಂತು, ಹೊಳಪೂ ಬಂತು! ಅಂದಿನಿಂದ ಎರಡು ವರ್ಷ, ತಿಂಗಳಿಗೊಮ್ಮೆ ಅದೇ ಕೆಲಸ.

ಒಂದು ದಿನ ನೋಡಿದರೆ ಕಂಬಿಯನ್ನು ಹೊತ್ತು ನಿಂತ ಕಂಬಗಳ ಬುಡದಲ್ಲೆಲ್ಲ ಕೆಂಪು ತುಕ್ಕು. ವೆಲ್ಡಿಂಗಿನವನನ್ನು ಕರೆಸಿ ಚೆನ್ನಾಗಿ ಬೆಂಡೆತ್ತಿದೆ.

“ಏನಪ್ಪಾ, ಬೇಗ ತುಕ್ಕು ಹಿಡಿಯಲ್ಲ ಅಂದಿದ್ದೆ. ನಮ್ಮ ಕಿವಿಗೇ ಹೂ ಇಟ್ಯಾ?”

ಅವನು ಕುಕ್ಕರುಗಾಲಲ್ಲಿ ಕೂತು ಕಂಬದ ಬುಡ ಸವರಿದ. “ಅಕ್ಕಾ, ಇದನ್ನ ಏನ್ ಹಾಕಿ ತೊಳೀತೀರಾ?”

“ಆ್ಯಸಿಡ್. ಮತ್ತೇನು, ನಿನ್ನ ಮಂಕು ಪೈಪನ್ನ ಮುದ್ದು ಮಾಡ್ಲಾ?”

“ಅಯ್ಯೋ, ಆ ಮಂಕೇ ಅದರ ಅಂಗಿ ಅಕ್ಕಾ! ಗಾಳಿ ತಾಗಿ ತಾಗಿ ಸತುವಿನ ಮೇಲೆ ಬೂದು ಪದರ ಕಟ್ಟುತ್ತೆ. ಅದು ಒಳಗಿನ ಕಬ್ಬಿಣನ ನೀರು ಮುಟ್ಟದ ಹಾಗೆ ಕಾಯುತ್ತೆ. ಸಣ್ಣ ಗೀರು ಬಿದ್ರೂ ಸುತ್ತಲಿನ ಸತು ತಾನು ಸವೆದು ಕಬ್ಬಿಣನ ಉಳಿಸುತ್ತೆ. ಆ್ಯಸಿಡ್ ಆ ಸತುವನ್ನೇ ತಿಂದುಹಾಕ್ತು. ಸುರಿದಾಗ ನೊರೆ ಬಂದಿರುತ್ತಲ್ಲ, ಅದೇ ಇದು.”

“ಸಾಕು ಸುಮ್ನಿರು. ಹೊಸ ಕಂಬಿ ಮಾರೋಕೆ ಕಥೆ ಕಟ್ತಿದೀಯ.”

ಅಷ್ಟರಲ್ಲಿ ಮೇಲಿನಿಂದ ಅತ್ತೆಯ ಚಪ್ಪಲಿಯ ಸದ್ದು. “ಒಂದು... ಎರಡು...”

“ಅಜ್ಜೀ, ಅಲ್ಲೇ ನಿಲ್ಲಿ! ಕಂಬಿ ಹಿಡೀಬೇಡಿ!” ಎಂದು ಕೂಗುತ್ತಲೇ ಅವನು ಎರಡೆರಡು ಮೆಟ್ಟಿಲು ಹಾರಿ ಹೋದ. ಅತ್ತೆಯ ಕೈ ಹಿಡಿದು ಗೋಡೆಯ ಪಕ್ಕಕ್ಕೆ ಕೂರಿಸಿದ. ಆಮೇಲೆ ಕೆಳಗೆ ಬಂದು ಒಂದು ಕಂಬದ ಬುಡಕ್ಕೆ ಸುತ್ತಿಗೆಯಿಂದ ಮೆಲ್ಲಗೆ ಬಡಿದ. ಸುತ್ತಿಗೆ ಒಳಗೇ ಹೋಯಿತು! ಇನ್ನೊಂದು ಕಂಬವೂ ಹಾಗೇ. ಇಡೀ ಕಂಬಿ ಹೊರಕ್ಕೆ ವಾಲಿತು. ಕೆಳಗೆ ಸಿಮೆಂಟು ನೆಲ.

ಅಷ್ಟೆಲ್ಲ ಬೈಸಿಕೊಂಡವನು ಮುನಿಸಿಕೊಂಡು ಹೋಗಲಿಲ್ಲ. ಅವತ್ತೇ ಗೋಡೆಯ ಕಡೆ ಗಟ್ಟಿ ಹಗ್ಗ ಬಿಗಿದುಕೊಟ್ಟ. ನಾಲ್ಕನೇ ದಿನ ಹೊಸ ಕಂಬಿ ಕೂರಿಸಿದ. ಬೆಸುಗೆ ಹಾಕಿದ ಜಾಗಗಳನ್ನೆಲ್ಲ ತಂತಿ ಬ್ರಷ್ಷಿನಿಂದ ಉಜ್ಜಿ, ಸತುವಿನ ಪುಡಿ ಬೆರೆತ ಬಣ್ಣವನ್ನು ಎರಡೆರಡು ಸಲ ಬಳಿದ.

“ವೆಲ್ಡಿಂಗ್ ಬಿಸಿಗೆ ಇಲ್ಲಿನ ಸತು ಸುಟ್ಟುಹೋಗಿರುತ್ತೆ ಅಕ್ಕಾ. ಇಷ್ಟು ಮಾಡದೆ ಬಿಟ್ರೆ ತುಕ್ಕು ಇಲ್ಲಿಂದ್ಲೇ ಶುರು.”

“ತಪ್ಪಾಯ್ತಪ್ಪಾ. ನೀನು ಅವತ್ತು ಬರದೇ ಇದ್ದಿದ್ರೆ...”

“ಬಿಡಿ ಅಕ್ಕಾ. ಹೇಗೆ ತೊಳೀಬೇಕು ಅಂತ ಮೊದ್ಲೇ ಹೇಳದೇ ಹೋಗಿದ್ದು ನಂದೂ ತಪ್ಪೇ.”

ಅವನ ಉಪಕಾರ ನಾನು ಬದುಕಿರುವ ತನಕ ಮರೆಯುವುದಿಲ್ಲ. ಈಗ ಹೊಸ ಕಂಬಿಯೂ ಮಂಕಾಗಿದೆ. ಮೊನ್ನೆ ಹಳೇ ಚಾಳಿ ಕೆಣಕಿತು. “ಅತ್ತೆ, ಹೊಳಪೆಲ್ಲ ಹೋಯ್ತು ನೋಡಿ” ಎಂದೆ.

“ನನಗೆಲ್ಲಿ ಕಾಣುತ್ತಮ್ಮಾ ನಿನ್ನ ಹೊಳಪು? ಕೈಗೆ ಗಟ್ಟಿಯಾಗಿ ಸಿಕ್ಕಿದ್ರೆ ಸಾಕು” ಎಂದು ನಕ್ಕು, ಎಣಿಸುತ್ತಾ ಇಳಿದುಹೋದರು.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದಿ ಮುಗಿಸಿದ ಕೂಡಲೇ ಎದ್ದು ನಿಮ್ಮ ಮನೆಯ ಕಂಬಿಯ ಬುಡ ನೋಡಿ. ಬೂದು ಬಣ್ಣವಿದ್ದರೆ ಹಾಗೇ ಇರಲಿ. ಸೋಪು ನೀರಲ್ಲಿ ಒರೆಸಿ, ಒಣಗಿಸಿ, ಅಷ್ಟೇ ಸಾಕು. ಆ್ಯಸಿಡ್ ಮಾತ್ರ ಬೇಡವೇ ಬೇಡ. ಕೆಂಪು ಕಂಡರೆ ಅದಕ್ಕೆ ಒರಗಬೇಡಿ, ಕೆಲಸ ಬಲ್ಲವರನ್ನು ಕರೆಸಿ. ಬೈಯುವ ಮೊದಲು ಅವರ ಮಾತು ಕೇಳಿ. ನಮ್ಮ ಅತ್ತೆ ಇವತ್ತೂ ಹದಿನಾರು ಎಣಿಸಿ ನೆಲ ಮುಟ್ಟಿದರು. ನಿಮ್ಮ ಮನೆಯವರೂ ಹಾಗೇ ಇಳಿಯಲಿ.