ಇಲಿಮನೆಯ ಸಿಹಿನೀರು

ನಬವಿಯ್ಯಳ ಮಗಳು ಹನಿಯ್ಯ ಗಂಟಲಮಾರಿಗೆ ಸತ್ತು ಅಂದಿಗೆ ನಲವತ್ತು ದಿನ. ಗೋರಿಯ ಹತ್ತಿರ ರೊಟ್ಟಿ ಹಂಚಬೇಕಾದ ದಿನ. ನಬವಿಯ್ಯಳಿಗೆ ರಜೆ ಸಿಗಲಿಲ್ಲ. ಹಬ್ಬಕ್ಕೆಂದು ಅವಳು ಕೆಲಸ ಮಾಡುವ ಕೈರೋದ ಸಂಶೋಧನಾಲಯವೇ ಖಾಲಿಯಾಗಿತ್ತು. ಇಲಿಗಳನ್ನು ನೋಡಿಕೊಳ್ಳುವ ಮುದುಕ ಅತ್ರೀಸ್ ಕೂಡ ಊರಿಗೆ ಹೊರಟಿದ್ದ. ನೆಲ ಒರೆಸುವ ನಬವಿಯ್ಯಳ ಕೈಗೆ ಬೀಗದಕೈ ಕೊಟ್ಟು, ದೊಡ್ಡ ಜಾಡಿಯ ನೀರನ್ನೇ ಹಾಕು ಎಂದಿದ್ದ. ಏಕೆಂದು ಅವನಿಗೂ ಯಾರೂ ಹೇಳಿರಲಿಲ್ಲ.

ಸೀಸೆ ತುಂಬುವಾಗ ಒಂದು ಹನಿ ತುಟಿಗೆ ಸಿಡಿಯಿತು. ಉಪ್ಪು!

ಬಿರುಬೇಸಿಗೆಯಲ್ಲಿ, ಪಂಜರದೊಳಗಿನ ಮೂಕಜೀವಕ್ಕೆ ಉಪ್ಪುನೀರು ಕುಡಿಸುತ್ತಾರೆಯೇ? ನಬವಿಯ್ಯ ಜಾಡಿಯನ್ನು ಮೋರಿಗೆ ಬಗ್ಗಿಸಿದಳು. ಅಂಗಳದ ಮಣ್ಣಿನ ಹರವಿಯಿಂದ ತಣ್ಣಗಿನ ಸಿಹಿನೀರು ತಂದು ಒಂದೊಂದೇ ಸೀಸೆ ತುಂಬಿದಳು. ಹಂಚಲು ರೊಟ್ಟಿಯಿಲ್ಲ, ಈ ನೀರಿನ ಪುಣ್ಯವಾದರೂ ನನ್ನ ಕೂಸಿಗೆ ಸೇರಲಿ ಎಂದಳು.

ಮೂರನೆಯ ದಿನ ಇಲಿಗಳು ಸೊರಗಿದವು. ಅವು ಸೊರಗಿದಷ್ಟೂ ಅವಳು ಹೊಸ ನೀರು ಹಾಕಿದಳು. ಹನಿಯ್ಯಳಿಗೂ ಹೀಗೇ ಹನಿಹನಿ ಬಿಟ್ಟಿದ್ದಳು. ಹಬ್ಬ ಮುಗಿಯುವ ಹೊತ್ತಿಗೆ ಒಂದೂ ಉಳಿಯಲಿಲ್ಲ.

ಆ ಇಲಿಗಳ ಮೇಲೆ ಪ್ರಯೋಗ ನಡೆಸುತ್ತಿದ್ದ ಡಾಕ್ಟರ್ ರಿಫಾತ್ ಹಬ್ಬ ಮುಗಿಸಿ ಬಂದು ಅಬ್ಬರಿಸಲಿಲ್ಲ. ಮೂತ್ರಪಿಂಡದ ಮೇಲಿನ ಗ್ರಂಥಿ ತೆಗೆದ ಇಲಿಗಳಿವು, ಇವುಗಳ ಮೈಯಲ್ಲಿ ಉಪ್ಪು ನಿಲ್ಲುವುದಿಲ್ಲ, ಆ ನೀರೇ ಇವುಗಳ ಜೀವ ಎಂದರು. ಜಾಡಿಯ ಮೇಲೆ ಬರೆದಿತ್ತಲ್ಲ ಎಂದರು.

"ಇಂಗ್ಲಿಷಲ್ಲಿ ಬರ್ದಿದ್ರಿ ಡಾಕ್ಟ್ರೇ," ಎಂದ ಊರಿಂದ ಮರಳಿದ್ದ ಅತ್ರೀಸ್. "ನಂಗೇ ಓದೋಕೆ ಬರಲ್ಲ. ಇಲೀಗೇನಾದ್ರೂ ಬರ್ತಿತ್ತಾ?"

ಡಾಕ್ಟರ್ ಒಂದು ಕಾಗದ ಮುಂದಿಟ್ಟರು. ಬೇಕೆಂದೇ ಕೊಂದೆ ಎಂದು ನಬವಿಯ್ಯ ಹೆಬ್ಬೆಟ್ಟು ಒತ್ತಬೇಕು, ಕೆಲಸ ಬಿಡಬೇಕು. ಇಲ್ಲದಿದ್ದರೆ ಕಸದವಳ ಕೈಗೆ ಇಲಿಮನೆ ಬಿಟ್ಟದ್ದೇಕೆ ಎಂದು ಮೇಲಿನವರು ಡಾಕ್ಟರನ್ನೇ ಕೇಳುತ್ತಾರೆ.

ಅವಳು ಅತ್ರೀಸನತ್ತ ತಿರುಗಿದಳು. "ಚಿಕ್ಕಪ್ಪ, ಇವುಗಳ ರಕ್ತ ತೆಗೆದು ಅದ್ರಲ್ಲಿ ಏನು ಹುಡುಕ್ತಿದ್ರು?"

"ಸೂಜಿ ಚುಚ್ಚಿದ್ರೆ ರೋಗಕ್ಕೆ ಎದುರು ನಿಲ್ಲೋ ಶಕ್ತಿಯೊಂದು ರಕ್ತದಲ್ಲಿ ಹುಟ್ಟುತ್ತಂತೆ ಕಣಮ್ಮ. ಆ ಗ್ರಂಥಿ ತೆಗೆದ್ರೆ ಅದು ಹೆಚ್ಚುತ್ತೋ, ಕಮ್ಮಿಯಾಗುತ್ತೋ ಅಂತ."

"ಪಕ್ಕದ ಕಟ್ಟಡದಲ್ಲಿ ಕುದುರೆ ರಕ್ತದಿಂದ ತೆಗೀತಾರಲ್ಲ, ಗಂಟಲಮಾರಿ ಮದ್ದು. ಅದೇನಾ?"

"ಅದೇ ಜಾತೀದು."

ನಬವಿಯ್ಯ ಡಾಕ್ಟರತ್ತ ತಿರುಗಿದಳು. ಆ ಮದ್ದಿನ ಸೀಸೆಗಳನ್ನು ಪೆಟ್ಟಿಗೆಗೆ ತುಂಬುವ ಕೋಣೆಯ ನೆಲವನ್ನು ಒರೆಸುತ್ತಿದ್ದವಳು ಅವಳೇ. ಮಗಳ ಕೊರಳು ಊದಿದ ದಿನ ಬೀದಿಯ ಆಸ್ಪತ್ರೆಯವರು ಮದ್ದು ಮುಗಿದಿದೆ ಎಂದಾಗ, ಇದೇ ಬಾಗಿಲಿಗೆ ಓಡಿಬಂದು ಒಂದೇ ಒಂದು ಸೀಸೆ ಬೇಡಿದ್ದಳು. ಇಲ್ಲಿಂದ ಕೊಡುವ ಪದ್ಧತಿಯಿಲ್ಲ ಎಂದು ಇದೇ ಡಾಕ್ಟರ್ ಹೇಳಿದ್ದರು.

"ಇಲೀಗೆ ಏನು ಬೇಕಿತ್ತು ಅಂತ ನಂಗೆ ಯಾರೂ ಹೇಳ್ಲಿಲ್ಲ ಡಾಕ್ಟ್ರೇ. ನನ್ನ ಮಗಳಿಗೆ ಏನು ಬೇಕಿತ್ತು ಅಂತ ನಿಮಗೆ ಗೊತ್ತಿತ್ತು. ಅದನ್ನೂ ಇದ್ರಲ್ಲೇ ಬರೀರಿ. ಹೆಬ್ಬೆಟ್ಟು ಒತ್ತುತೀನಿ."

ಡಾಕ್ಟರ್ ಪೆನ್ನು ಮುಟ್ಟಲಿಲ್ಲ. ಅತ್ರೀಸ್ ಸೊಂಟದಿಂದ ಬೀಗದಕೈ ಗೊಂಚಲು ಬಿಚ್ಚಿ, "ಬೀಗದಕೈ ಕೊಟ್ಟೋನು ನಾನು, ಅವ್ಳು ಹೋದ್ರೆ ನಾನೂ ಹೋಗ್ತೀನಿ," ಎಂದು ಆ ಕಾಗದದ ಮೇಲಿಟ್ಟ. ಮಾತು ಕೇಳಿಸಿಕೊಂಡ ಪಕ್ಕದ ಕುದುರೆ ಲಾಯದ ಆಳುಗಳು ಒಬ್ಬೊಬ್ಬರಾಗಿ ಬಂದು ಬಾಗಿಲಲ್ಲಿ ನಿಂತರು. ನಬವಿಯ್ಯ ಸತ್ತ ಇಲಿಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಸುತ್ತತೊಡಗಿದಳು. ಅವಳ ಹೆಬ್ಬೆಟ್ಟಿಗೆ ಮಸಿ ತಾಗಿರಲಿಲ್ಲ.