ಸೋಫಾದ ಹಿಂದೆ ನಿಂತವಳು

ಕಾಲೇಜಿನಲ್ಲಿ ಮಾಧ್ಯಮದ ಪಾಠ ಶುರುವಾದಾಗಿನಿಂದ ಆ ಮನೆಯಲ್ಲಿ ಯಾರಿಗೂ ನೆಮ್ಮದಿಯಾಗಿ ಟೀವಿ ನೋಡುವ ಯೋಗವಿರಲಿಲ್ಲ. ಸಾಬೂನಿನ ಜಾಹೀರಾತು ಬಂದರೆ ಸಾಕು, ಮಗಳು ಅಡ್ಡ ನಿಂತು, "ಇದನ್ನ ಯಾರು ಹೇಳ್ತಿದ್ದಾರೆ? ಯಾರಿಗೆ ಹೇಳ್ತಿದ್ದಾರೆ? ಏನನ್ನ ಮುಚ್ಚಿಡ್ತಿದ್ದಾರೆ?" ಎಂದು ಶುರು ಹಚ್ಚಿಕೊಳ್ಳುವಳು. ಧಾರಾವಾಹಿಯ ಅತ್ತೆ ಯಾಕೆ ಸದಾ ಕೆಟ್ಟವಳೇ ಆಗಿರುತ್ತಾಳೆ ಎಂಬ ಪ್ರಶ್ನೆಗೆ ಉತ್ತರ ಹೊಳೆಯದೆ ಅಜ್ಜಿ ರಿಮೋಟನ್ನೇ ಬಚ್ಚಿಟ್ಟಳು. ಅಣ್ಣನಂತೂ ತಂಗಿಗೆ ‘ಪ್ರಶ್ನೆಪತ್ರಿಕೆ’ ಎಂದು ಹೆಸರಿಟ್ಟುಬಿಟ್ಟ.

ಹಾಗೆಂದು ಅವಳ ಬರವಣಿಗೆ ಪಾಠ ಮಾಡುವ ಮೇಡಂಗೆ ಹಿಡಿಸಿತ್ತೇ? ಎಲ್ಲಿ ಬಂತು! ಕೊಟ್ಟ ಲೇಖನವೆಲ್ಲ ಮೈತುಂಬ ಕೆಂಪು ಗೀಟು ಹೊತ್ತು ವಾಪಸು ಬರುತ್ತಿತ್ತು. ಈಗ ಕಾಲೇಜಿನ ಪತ್ರಿಕೆಗೆ ಅವರ ತರಗತಿಯಿಂದ ಒಂದೇ ಒಂದು ಲೇಖನ ಹೋಗಬೇಕಿತ್ತು. ಮನೆಗೆ ಬಂದು ಬಿದ್ದ ಯಾವುದಾದರೂ ಚಿತ್ರವನ್ನು ಆರಿಸಿಕೊಂಡು, ಅದು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂದು ಬರೆಯಿರಿ ಎಂದಿದ್ದರು ಮೇಡಂ. ತನ್ನ ಹೆಸರು ಅಚ್ಚಿನಲ್ಲಿ ಕಾಣಬೇಕೆಂದು ಹುಡುಗಿಗೆ ಎಷ್ಟು ಆಸೆಯಿತ್ತೆಂದರೆ, ಅದನ್ನು ಬಾಯಿಬಿಟ್ಟು ಹೇಳಲೂ ಹೆದರಿಕೆ.

ಚಿತ್ರಕ್ಕೇನು ಬರ? ಅವಳ ಅಪ್ಪ ಸೋಫಾ ಅಂಗಡಿಯಲ್ಲಿ ಕುಶನ್ ಹೊಲಿಯುವವ. ಅಂಗಡಿಯ ಯಜಮಾನ ಬಲು ಕೈಬಿಗಿಯ ಆಸಾಮಿ. ಜಾಹೀರಾತಿಗೆ ಹೊರಗಿನವರನ್ನು ಕರೆಸಿ ಕೈ ಸುಟ್ಟುಕೊಳ್ಳುವುದೇಕೆಂದು ಅಪ್ಪನ ಮನೆಯವರನ್ನೇ ಹೊಸ ಸೋಫಾದ ಮೇಲೆ ಕೂರಿಸಿ ಫೋಟೋ ತೆಗೆಸಿದ್ದ. ಆ ಹೊತ್ತಿಗೆ ಹುಡುಗಿ ಕಾಲೇಜಿನಲ್ಲಿದ್ದಳು. ಮಾರನೇ ವಾರ ಪೇಪರಿನ ಜೊತೆ ಕರಪತ್ರ ಊರಿಗೆಲ್ಲ ಹಂಚಿಹೋಯಿತು: ‘ಇಡೀ ಮನೆಗೊಂದು ಸೋಫಾ!’ ನಡುವೆ ಅಪ್ಪ, ಒಂದು ಪಕ್ಕ ಅಜ್ಜಿ, ಇನ್ನೊಂದು ಪಕ್ಕ ಕಾಲು ಚಾಚಿ ಕೂತ ಅಣ್ಣ. ಅಮ್ಮ ಹಿಂದೆ ನಿಂತು ನಗುತ್ತಿದ್ದಾಳೆ.

ಹುಡುಗಿ ಇದನ್ನು ಬಿಡುತ್ತಾಳೆಯೇ? ಪುಟಗಟ್ಟಲೆ ಝಾಡಿಸಿದಳು. ಸೋಫಾ ಇಡೀ ಮನೆಗಂತೆ, ಮನೆಯೊಡತಿಗೆ ಮಾತ್ರ ಜಾಗವಿಲ್ಲ. ಮಗ ದರ್ಬಾರು ಮಾಡುತ್ತಿದ್ದಾನೆ. ಆ ತಾಯಿಯ ನಗು ನಗುವಲ್ಲ, ಬಲವಂತದ ಮುಖವಾಡ.

ಮೇಡಂ ಓದಿ ತಲೆಯೆತ್ತಿದರು. "ಚೆನ್ನಾಗಿ ಬರೆದಿದ್ದೀಯ. ಅಲ್ಲಮ್ಮಾ, ಇವರು ನಿನ್ನ ಮನೆಯವರೇ ತಾನೆ? ಏನಾಯ್ತು ಅಂತ ಕೇಳಿದೆಯಾ?"

"ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಮೇಡಂ? ಫೋಟೋದಲ್ಲೇ ಕಾಣುತ್ತಲ್ಲ."

"ಕೇಳಿಕೊಂಡು ಬಾ. ನಾಳೆವರೆಗೆ ಕಾಯ್ತೀನಿ. ಇಲ್ಲಾಂದ್ರೆ ಬೇರೆಯವರದ್ದು ಕಳಿಸ್ತೀನಿ."

ಮುಖ ಊದಿಸಿಕೊಂಡೇ ಮನೆಗೆ ಬಂದಳು. ಅಪ್ಪ ದಿಂಬಿನ ಕವರಿಗೆ ಜಿಪ್ ಹಚ್ಚುತ್ತಾ ಕೂತಿದ್ದ. ಪ್ರಶ್ನೆ ಕೇಳಿದ್ದೇ ತಡ, ಅವನಿಗೆ ನಗು ತಡೆಯಲಾಗಲಿಲ್ಲ.

"ಅಯ್ಯೋ ಪುಟ್ಟೀ, ಆ ಸೋಫಾಕ್ಕೆ ಬಡಗಿ ಒಂದು ಕಾಲೇ ಕೂರಿಸಿರಲಿಲ್ಲ! ಆ ಮೂಲೆಗೆ ಬಣ್ಣದ ಡಬ್ಬ ಕೊಟ್ಟಿದ್ವಿ. ನಾಲ್ಕು ಜನ ಕೂತ್ರೆ ಮಗುಚಿಕೊಳ್ಳುತ್ತೆ ಅಂತ ನಿಮ್ಮಮ್ಮ ಎದ್ದು ನಿಂತಳು, ಅಷ್ಟೇ."

"ನಾನು ಕಾಲು ಚಾಚಿದ್ದು ದರ್ಬಾರಿಗಲ್ಲ ತಾಯಿ," ಎಂದ ಅಣ್ಣ. "ವಾಲದ ಹಾಗೆ ನೆಲಕ್ಕೆ ಒತ್ತಿ ಹಿಡಿದಿದ್ದೆ. ಮೀನಖಂಡ ಇನ್ನೂ ನೋಯ್ತಿದೆ."

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲೇ," ಎಂದು ಅಜ್ಜಿಯೂ ಒಂದು ಮಾತು ಸೇರಿಸಿದಳು. ರಿಮೋಟಿನ ಸೇಡು ತೀರಿತು ನೋಡಿ.

ಹುಡುಗಿಯ ಮುಖ ಇಂಗು ತಿಂದ ಮಂಗನಂತಾಯಿತು. ಅಷ್ಟು ಕಷ್ಟಪಟ್ಟು ಬರೆದದ್ದು ಒಂದು ಬಣ್ಣದ ಡಬ್ಬದ ಮುಂದೆ ಮಕಾಡೆ ಮಲಗಿತ್ತು. ಹಾಳೆಗಳನ್ನು ಹರಿಯಲು ಹೊರಟಾಗ ಅಮ್ಮ ಅಡುಗೆಮನೆಯಿಂದ ಬಂದಳು.

"ಹರೀಬೇಡ ಕಣೇ. ಏನು ಬರೆದಿದ್ದೀಯ, ಓದು. ಕೇಳೋಣ."

ಓದಿದಳು. ಬಲವಂತದ ಮುಖವಾಡ ಎಂಬಲ್ಲಿಗೆ ಬಂದಾಗ ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ಹುಚ್ಚೀ! ಈ ಮೂರು ಜನ ಈಗ ಬಿದ್ವೋ ಆಗ ಬಿದ್ವೋ ಅಂತ ಉಸಿರು ಬಿಗಿಹಿಡಿದು ಕೂತಿದ್ರು. ಅದನ್ನ ನೋಡಿ ನಕ್ಕಿದ್ದು!"

ಎಲ್ಲರೂ ನಕ್ಕರು, ಹುಡುಗಿಯೂ ವಿಧಿಯಿಲ್ಲದೆ ನಕ್ಕಳು. ಅಮ್ಮ ಕೈ ಒರೆಸಿಕೊಂಡು ಕರಪತ್ರವನ್ನು ಎತ್ತಿಕೊಂಡಳು. ಸ್ವಲ್ಪ ಹೊತ್ತು ನೋಡಿದಳು.

"ಆದ್ರೆ ಒಂದು ಮಾತು. ಫೋಟೋದವನು ‘ಒಬ್ಬರು ಏಳಿ’ ಅಂದ. ಯಾರು ಅಂತ ಹೇಳಲಿಲ್ಲ. ಅವನ ಮಾತು ಮುಗಿಯೋದ್ರೊಳಗೆ ನಾನು ಎದ್ದಾಗಿತ್ತು. ಇವರೂ ಏಳಲಿಲ್ಲ, ಇವನೂ ಏಳಲಿಲ್ಲ. ನಾನೇ ಯಾಕೆ ಎದ್ದೆ ಅಂತ ನನಗೂ ಅನ್ನಿಸಿರಲಿಲ್ಲ. ನೀನು ಓದಿದ ಮೇಲೇ ಅನ್ನಿಸ್ತಿರೋದು."

ಅಪ್ಪನ ಸೂಜಿ ನಿಂತಿತು. ಅಣ್ಣ, "ನಾನೇ ಏಳಬಹುದಿತ್ತು," ಎಂದು ಗೊಣಗಿದ. ಅಮ್ಮನ ಬಗ್ಗೆ ಅಷ್ಟೆಲ್ಲ ಬರೆದವಳು ಅಮ್ಮನನ್ನೇ ಒಂದು ಮಾತು ಕೇಳಿರಲಿಲ್ಲ. ಹುಡುಗಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಖುಷಿಯಾಯಿತು.

"ಇದನ್ನ ಬರೀಲಾ ಅಮ್ಮಾ?"

"ಬರಿ. ಸೋಫಾಕ್ಕೆ ಕಾಲಿಲ್ಲದ್ದೂ ಬರಿ, ನಾನು ಎದ್ದದ್ದೂ ಬರಿ."

"ಯಜಮಾನರು ನನ್ನ ಚರ್ಮ ಸುಲೀತಾರೆ!" ಎಂದು ಅಪ್ಪ ಬೊಬ್ಬೆ ಹಾಕಿದ.

"ಹೊಲಿಗೆ ನಿಮಗೆ ಬರುತ್ತಲ್ಲ, ಹಾಕಿಕೊಳ್ಳಿ," ಎಂದಳು ಅಮ್ಮ.

ಹುಡುಗಿ ಹೊಸದಾಗಿ ಬರೆದಳು. ಮೇಡಂ ಓದಿದರು, ಕೆಂಪು ಪೆನ್ನಿನ ಕ್ಯಾಪು ತೆಗೆಯಲೇ ಇಲ್ಲ. ಪತ್ರಿಕೆ ಅಚ್ಚಾಯಿತು. ಯಜಮಾನ ಮೊದಲು ಕೆಂಡವಾದರೂ, ಕಾಲಿಲ್ಲದ ಸೋಫಾ ಯಾವುದೆಂದು ನೋಡಲು ಬಂದ ಗಿರಾಕಿಗಳು ಬರಿಗೈಲಿ ಹೋಗದ್ದನ್ನು ಕಂಡು ತಣ್ಣಗಾದ.

ಪತ್ರಿಕೆ ಮನೆಗೆ ಬಂದ ಸಂಜೆ ಓದುವವಳು ತಾನೇ ಎಂದು ಅಮ್ಮ ಹಟ ಹಿಡಿದಳು. ಪಕ್ಕದ ಮನೆಯವರನ್ನೂ ಕರೆದು ಕೂರಿಸಿಕೊಂಡಳು. ಮಗಳ ಹೆಸರನ್ನು ಜೋರಾಗಿ ಓದಿದಳು, ಲೇಖನವನ್ನು ತಡವರಿಸದೆ ಓದಿದಳು. ‘ಯಾರು ಅಂತ ಹೇಳಲಿಲ್ಲ, ನಾನು ಎದ್ದಾಗಿತ್ತು’ ಎಂಬ ಸಾಲು ಬಂದಾಗ ನಿಲ್ಲಿಸಿ, ಅದರ ಮೇಲೆ ಬೆರಳಿಟ್ಟು, ಎಲ್ಲರ ಮುಖವನ್ನೂ ಒಮ್ಮೆ ನೋಡಿದಳು.

"ಇದು ನಾನು ಹೇಳಿದ್ದು," ಎಂದಳು.